ನೀಲಿ ಪಟ್ಟಿಯ ಹಗೆ

ಅವಳ ಗಂಡ ಸತ್ತ ವಾರದಲ್ಲಿ ಮನೆಗೆ ಬಂದುಹೋದವರ ಪೈಕಿ ಎಲ್ಲರಿಗಿಂತ ಚೆನ್ನಾಗಿ ಅತ್ತವನು ಪಿತಾಮಹ.

ಪಿತಾಮಹ ಅಂದರೆ ಅವಳು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಮುಖ್ಯಸ್ಥ. ಹೃದಯದಲ್ಲಿ ತೂತಿದ್ದವರಿಗೆ ಅದನ್ನು ಮುಚ್ಚಿ ಹೊಲಿಯುವ ಪಟ್ಟಿಗಳನ್ನು ಆ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. ಯಾವುದೋ ಪತ್ರಿಕೆಯವರು ಒಮ್ಮೆ ಅವನನ್ನು 'ಹೃದಯದ ಪಟ್ಟಿಯ ಪಿತಾಮಹ' ಎಂದು ಬರೆದಿದ್ದೇ ಬರೆದಿದ್ದು, ಮನುಷ್ಯ ಅದಕ್ಕೆ ಚೌಕಟ್ಟು ಹಾಕಿಸಿ, ಬಾಗಿಲು ತೆರೆದ ಕೂಡಲೇ ಎದುರಾಗುವ ಗೋಡೆಗೆ ತಗುಲಿಸಿದ್ದ. ಕೆಲಸದವರು ಹಿಂದಿನಿಂದ ಹಾಸ್ಯಕ್ಕೆ ಹಾಗೆ ಕರೆಯುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು, ಅವನಿಗೆ ಖುಷಿಯೇ ಆಗಿತ್ತು.

ಆ ದಿನ ಅವನು ಅವಳ ಅತ್ತೆಯ ಎರಡೂ ಕೈ ಹಿಡಿದುಕೊಂಡು, "ನನ್ನ ಸ್ವಂತ ಅಳಿಯ ಹೋದ ಹಾಗಾಗಿದೆ ತಾಯಿ. ವಿಧಿ ಅಂತಾರಲ್ಲ, ಅದರ ಮುಂದೆ ನಮ್ಮದೇನು ನಡೆಯುತ್ತೆ?" ಎಂದು ಗದ್ಗದಿತನಾದ. ಅತ್ತೆ ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದ ಹೆಂಗಸು. ಅಷ್ಟು ಸುಲಭಕ್ಕೆ ಕಣ್ಣೀರಿಗೆ ಕರಗುವವಳಲ್ಲ. ಅವನು ಹೋದ ಮೇಲೆ ಸೊಸೆಯ ಕಡೆ ತಿರುಗಿ, "ಈ ಮನುಷ್ಯ ಅಳುವಾಗ ಒಂದು ಕಣ್ಣಲ್ಲಿ ಗಡಿಯಾರ ನೋಡ್ತಿದ್ದ ಕಣೇ" ಎಂದಳು.

ಆಗ ಅವಳಿಗಿನ್ನೂ ಏನೂ ಗೊತ್ತಿರಲಿಲ್ಲ. ಪಿತಾಮಹ ದೊಡ್ಡ ಮನುಷ್ಯನೆಂದೇ ನಂಬಿಕೊಂಡಿದ್ದಳು.

ನಂಬದೆ ಏನು ಮಾಡುತ್ತಾಳೆ? ಅವಳ ಗಂಡ ಲಿಫ್ಟ್ ರಿಪೇರಿಯವನು. "ದಿನಾ ನೂರಾರು ಜನರನ್ನ ಮೇಲಕ್ಕೆ ಕಳಿಸ್ತೀನಿ, ಇವತ್ತಿನವರೆಗೆ ಒಬ್ಬರೂ ಬೈದಿಲ್ಲ ನೋಡು" ಎಂದು ಹೊಸಬರಿಗೆಲ್ಲ ಅದೇ ಹಳೇ ಜೋಕು ಹೇಳಿ ನಗುವವನು. ಅಂಥವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿ, ಪರೀಕ್ಷೆ ಮಾಡಿಸಿದರೆ ಹುಟ್ಟಿನಿಂದಲೂ ಹೃದಯದಲ್ಲೊಂದು ತೂತಿದೆ ಎಂದು ತಿಳಿಯಿತು. ಸುದ್ದಿ ಕೇಳಿ ಪಿತಾಮಹ ಅವಳನ್ನು ತನ್ನ ಕೋಣೆಗೆ ಕರೆಸಿಕೊಂಡು, "ಬೇರೆ ಯಾರ ಪಟ್ಟಿಯೂ ಬೇಡಮ್ಮ. ನಮ್ಮನೆಯವನಿಗೆ ನಮ್ಮದೇ ಹಾಕೋಣ. ನಾನೇ ಕೈಯಾರೆ ಆರಿಸಿ ಕಳಿಸ್ತೀನಿ" ಎಂದಿದ್ದ. ಕಳಿಸಿದ್ದ ಕೂಡ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಕೆಲವು ವರ್ಷ ಗಂಡ ಓಡಾಡಿಕೊಂಡು, ಜೋಕು ಹೇಳಿಕೊಂಡು ಇದ್ದ. ಆಮೇಲೆ ಮತ್ತೆ ಏದುಸಿರು. ಮತ್ತೆ ಎದೆ ತೆರೆದರು. ಆ ಸಲ ಅವನು ಮೇಜಿನ ಮೇಲಿಂದ ಏಳಲಿಲ್ಲ.

ಒಳಗೆ ಹೊಲಿದಿದ್ದ ಪಟ್ಟಿ ಮೊಟ್ಟೆಯ ಚಿಪ್ಪಿನಂತೆ ಪೆಡಸಾಗಿ ಅಂಚಿನಲ್ಲಿ ಸೀಳಿಕೊಂಡಿತ್ತು. ಶಸ್ತ್ರಚಿಕಿತ್ಸೆ ಮಾಡಿದ ಸರ್ಜನ್‌ಗೆ ಅವಳ ಕಸುಬು ಗೊತ್ತಿತ್ತು. ಕೆಲವು ದಿನ ಕಳೆದ ಮೇಲೆ ಅವಳು ಆಸ್ಪತ್ರೆಗೆ ಹೋದಾಗ ಒಂದು ಸಣ್ಣ ಬಾಟಲಿಯಲ್ಲಿ ಅದರ ಚೂರನ್ನು ಹಾಕಿ ಕೊಟ್ಟ. "ಇಷ್ಟು ಬೇಗ ಹೀಗಾಗಬಾರದಿತ್ತು. ನೀವೇ ನೋಡಿ" ಅಂದ. ಮುಖ ಎತ್ತಿ ಮಾತಾಡಲಿಲ್ಲ.

ಈ ಪಟ್ಟಿ ಎಂಥದ್ದು ಎಂಬುದನ್ನು ಸ್ವಲ್ಪ ಹೇಳಬೇಕು. ದನದ ಹೃದಯದ ಸುತ್ತ ತೆಳ್ಳಗಿನ ಒಂದು ಚೀಲ ಇರುತ್ತದೆ. ಪಟ್ಟಿ ಮಾಡುವುದು ಅದರಿಂದ. ಹಸಿಯಾಗಿ ಹಾಗೇ ಹೊಲಿದರೆ ನಮ್ಮ ಮೈ ಅದನ್ನು ಕರಗಿಸಿಬಿಡುತ್ತದೆ. ಅದಕ್ಕೇ ಅದರ ಎಳೆ ಎಳೆಗೂ ಅಡ್ಡಗಂಟು ಹಾಕಬೇಕು, ಹಗ್ಗದ ಮಂಚ ಹೆಣೆದ ಹಾಗೆ. ಆ ಗಂಟು ಹಾಕುವುದಕ್ಕೆ ಕಾರ್ಖಾನೆಯಲ್ಲಿ ಬಳಸುತ್ತಿದ್ದುದು ಆಲ್ಡಿಹೈಡ್ ಎಂಬ ಘಾಟಿನ ರಾಸಾಯನಿಕ. ಗಂಟೇನೋ ಗಟ್ಟಿಯೇ ಬೀಳುತ್ತದೆ. ಆದರೆ ಕೆಲಸ ಮುಗಿದ ಮೇಲೆ ಉಳಿದದ್ದನ್ನು ಮತ್ತೆ ಮತ್ತೆ ತೊಳೆದು ತೆಗೆಯಬೇಕು. ತೊಳೆಯುವುದರಲ್ಲಿ ಮೋಸವಾದರೆ ಆ ಉಳಿಕೆ ಸುತ್ತಲಿನ ಜೀವಕೋಶಗಳನ್ನು ಸುಡುತ್ತದೆ, ರಕ್ತದಲ್ಲಿನ ಸುಣ್ಣವನ್ನು ಎಳೆದುಕೊಳ್ಳುತ್ತದೆ, ಮೆತ್ತಗಿರಬೇಕಾದ ಪಟ್ಟಿ ಕಲ್ಲಾಗುತ್ತದೆ.

ಅವಳು ಆ ಚೂರನ್ನು ಕಾರ್ಖಾನೆಯ ಪ್ರಯೋಗಾಲಯದಲ್ಲೇ ಪರೀಕ್ಷಿಸಿದಳು. ಉಳಿಕೆ ಇತ್ತು. ಕೈತಪ್ಪಿ ಉಳಿಯುವಷ್ಟಲ್ಲ; ಅರ್ಧಕ್ಕರ್ಧ ತೊಳೆಯದೇ ಬಿಟ್ಟರೆ ಉಳಿಯುವಷ್ಟು. ಯಾರೋ ಕೆಳಗಿನವರು ಎಡವಟ್ಟು ಮಾಡಿದ್ದಾರೆ, ಯಜಮಾನರಿಗೆ ಹೇಳಬೇಕು ಎಂದುಕೊಂಡು ನೇರ ಪಿತಾಮಹನ ಕೋಣೆಗೆ ಹೋದಳು. ಅಷ್ಟು ಮುಗ್ಧೆ.

ಅವನು ಪೂರ್ತಿ ಕೇಳಿಸಿಕೊಂಡ. ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಮಾಮೂಲಿ ದನಿಯಲ್ಲಿ ಹೇಳಿದ: "ಆ ವರ್ಷ ಆಸ್ಪತ್ರೆಗಳಿಂದ ಬೇಡಿಕೆ ಹೆಚ್ಚಿತ್ತಮ್ಮ. ತೊಳೆಯೋದನ್ನ ಅರ್ಧಕ್ಕೆ ನಿಲ್ಲಿಸಿ ಅಂತ ನಾನೇ ಹೇಳಿದ್ದೆ. ನಿನ್ನ ಗಂಡನಿಗೊಬ್ಬನಿಗೇ ಅಲ್ಲ, ಎಲ್ಲರಿಗೂ ಹಾಗೇ ಹೋಗಿದೆ. ಎಷ್ಟೋ ಜನ ಆರಾಮಾಗಿದ್ದಾರೆ. ಅವನ ಮೈ ತಡೀಲಿಲ್ಲ."

"ನೀವೇ ಆರಿಸಿ ಕಳಿಸ್ತೀನಿ ಅಂದಿದ್ರಲ್ಲ ಸಾರ್?"

"ಆರಿಸಿದ್ದೆ. ಇದ್ದಿದ್ದರಲ್ಲಿ ಒಳ್ಳೇದನ್ನೇ ಕಳಿಸಿದ್ದೆ" ಎಂದು ಅವನು ಕನ್ನಡಕ ಹಾಕಿಕೊಂಡ. "ದುಃಖದಲ್ಲಿದ್ದೀಯ. ಮನೆಗೆ ಹೋಗಿ ಸುಧಾರಿಸ್ಕೋ."

ಮಾರನೆಯ ದಿನ ಫ್ರಿಜ್ಜಿನಲ್ಲಿಟ್ಟಿದ್ದ ಬಾಟಲಿ ಇರಲಿಲ್ಲ. ಅವಳ ಕುರ್ಚಿಯೂ ಇರಲಿಲ್ಲ. ಗೇಟಿನವನು ಹಿಂದೆಯೇ ಬಂದು ಅವಳ ಚೀಲ, ಛತ್ರಿ, ಊಟದ ಡಬ್ಬಿ ಕೈಗೆ ಕೊಟ್ಟು, ಇನ್ನು ಒಳಗೆ ಬಿಡಬೇಡ ಅಂದಿದ್ದಾರಮ್ಮ ಎಂದು ತಲೆ ತಗ್ಗಿಸಿದ. ಅವಳು ಆರೋಗ್ಯ ಇಲಾಖೆಯ ಕಚೇರಿಗೆ ಹೋದಳು. ಅಲ್ಲಿದ್ದವರು ಪುರಾವೆ ಕೇಳಿದರು. ಸರ್ಜನ್‌ನನ್ನು ಕೇಳಿದರೆ ಅವನು, "ಚೂರು ಕೊಟ್ಟಿದ್ದು ನಿಜ. ಅದರೊಳಗೆ ಏನಿತ್ತು ಅಂತ ನಾನು ಹೇಗೆ ಹೇಳಲಿ?" ಅಂದ. ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಇಲಾಖೆಯ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.

ಅತ್ತೆಗೆ ಎಲ್ಲ ಹೇಳಿದ್ದು ಅಡುಗೆಮನೆಯಲ್ಲಿ. ಅತ್ತೆ ಕೈಯಲ್ಲಿದ್ದ ಈರುಳ್ಳಿಯನ್ನು ಹಾಗೇ ಕೆಳಗಿಟ್ಟಳು. ಚಾಕು ಕೆಳಗಿಡಲಿಲ್ಲ.

"ಅವನು ಎಷ್ಟು ಹೊತ್ತಿಗೆ ಕಾರಿಂದ ಇಳೀತಾನೆ?"

"ಅತ್ತೆ, ಬೇಡ."

"ನೀನು ಬರಬೇಡ. ಹೇಳು ಸಾಕು."

"ಅವನನ್ನ ಸಾಯಿಸಿದರೆ ಪೇಪರಿನವರು ಪುಟಗಟ್ಟಲೆ ಬರೀತಾರೆ. ಪಿತಾಮಹ ಹುತಾತ್ಮ ಆಗ್ತಾನೆ" ಎಂದಳು ಸೊಸೆ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಅವನು ಬದುಕಿರಬೇಕು ಅತ್ತೆ. ಬದುಕಿದ್ದು, ತನ್ನ ಪಟ್ಟಿ ಕಸದ ಬುಟ್ಟಿಗೆ ಬೀಳೋದನ್ನ ನೋಡಬೇಕು. ಅವನಿಗೆ ಮಕ್ಕಳಿಲ್ಲ, ಮರಿಯಿಲ್ಲ. ಇರೋದು ಆ ಹೆಸರೊಂದೇ. ನಾನು ಅದನ್ನೇ ತಗೋತೀನಿ."

ಅತ್ತೆ ಆಗ ಚಾಕು ಕೆಳಗಿಟ್ಟಳು. ಹದಿನೈದು ವರ್ಷದಲ್ಲಿ ಅವರಿಬ್ಬರೂ ಉಪ್ಪು ಹೆಚ್ಚಾಯ್ತು, ಟವೆಲು ಒಣಗಿಲ್ಲ ಎಂದು ಕಿತ್ತಾಡಿಕೊಂಡೇ ಬಂದವರು. ಆ ಹೊತ್ತಿನಿಂದ ಜಗಳ ನಿಂತುಹೋಯಿತು. ದ್ವೇಷ ಅವರನ್ನು ಅಷ್ಟು ಒಂದು ಮಾಡಿತು.

ಅವಳಿಗೆ ಕೆಲಸ ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯ ಆವರಣದ ಒಂದು ಸಂಶೋಧನಾಲಯದ ನೆಲಮಾಳಿಗೆಯಲ್ಲಿ. ಪಕ್ಕದಲ್ಲೇ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳು. ಅವು ತಿರುಗತೊಡಗಿದರೆ ಮೇಜಿನ ಮೇಲಿನ ಗಾಜಿನ ಪಾತ್ರೆಗಳೆಲ್ಲ ಹಲ್ಲು ಕಟಕಟಿಸುತ್ತಿದ್ದವು. ಅಲ್ಲಿ ಕೂತು ಅವಳು ಆಲ್ಡಿಹೈಡ್ ಇಲ್ಲದೆ ಗಂಟು ಹಾಕುವ ದಾರಿ ಹುಡುಕಿದಳು. ಗಿಡಮರಗಳಲ್ಲಿ ಅಂಥ ವಸ್ತುಗಳಿವೆ ಎಂಬುದು ಹೊಸ ಮಾತೇನಲ್ಲ. ತೊಗಟೆಯ ಒಗರಿನಿಂದ ಚರ್ಮ ಹದ ಮಾಡುವುದು ಇದೇ ಕೆಲಸ. ದ್ರಾಕ್ಷಿ ಬೀಜದ ಒಗರಿಗೂ ಆ ಗುಣವಿದೆ. ಅವಳು ತೊಗಟೆ ಕುದಿಸಿದಳು, ಬೀಜ ಅರೆದಳು. ಕೊನೆಗೆ ಅವಳ ಕೈಹಿಡಿದದ್ದು ಬಿಳಿ ಹೂ ಬಿಡುವ ಒಂದು ಪೊದೆಗಿಡದ ಹಣ್ಣು. ಅದರ ಸಾರಕ್ಕೆ ಕಿಣ್ವ ಬೆರೆಸಿ ಸೋಸಿದರೆ ಜೆನಿಪಿನ್ ಎಂಬ ಬಣ್ಣವಿಲ್ಲದ ಪುಡಿ ಸಿಗುತ್ತದೆ. ಬಣ್ಣವಿಲ್ಲದ್ದು ಅನ್ನುವುದು ಪುಡಿಯಾಗಿರುವ ತನಕ ಮಾತ್ರ. ಪಟ್ಟಿಯ ಎಳೆಗಳನ್ನು ಹಿಡಿದು ಗಂಟು ಹಾಕತೊಡಗಿತೋ, ನೀಲಿಗೆ ತಿರುಗುತ್ತದೆ. ಮೊದಲು ತೆಳು ನೀಲಿ, ಆಮೇಲೆ ಗಾಢ ನೀಲಿ. ಗಂಟು ಬಿದ್ದಷ್ಟೂ ಬಣ್ಣ. ಜೀವಕೋಶಗಳನ್ನು ಆಲ್ಡಿಹೈಡಿನಂತೆ ಸುಡುವುದಿಲ್ಲ, ಸುಣ್ಣವನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ.

ಅತ್ತೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ನೆಲಮಾಳಿಗೆಗೆ ಬರತೊಡಗಿದಳು. ಹಣ್ಣು ಬಿಡಿಸುವುದು, ಗಾಜು ತೊಳೆಯುವುದು, ಬಾಗಿಲಲ್ಲಿ ಕೂತು ಬಂದವರನ್ನು ವಿಚಾರಿಸುವುದು ಎಲ್ಲ ಅವಳದೇ. ಗ್ಲೌಸು ಹಾಕಿಕೊಳ್ಳಿ ಅತ್ತೆ ಎಂದರೆ, ಗ್ಲೌಸು ಹಾಕಿಕೊಂಡು ಯಾರಾದರೂ ಕೆಲಸ ಮಾಡ್ತಾರಾ ಎಂದು ರೇಗುತ್ತಿದ್ದಳು. ಒಂದೇ ವಾರದಲ್ಲಿ ಬೆರಳೆಲ್ಲ ನೀಲಿ. ಚರ್ಮವೂ ಅದೇ ಎಳೆಗಳಿಂದ ಆದದ್ದಲ್ಲವೇ, ಎಷ್ಟು ಉಜ್ಜಿದರೂ ಹೋಗಲಿಲ್ಲ. ಪಕ್ಕದ ಮನೆಯವಳು, "ಟೀಚರ್, ಕೈಗೇನಾಯ್ತು?" ಎಂದು ಗಾಬರಿಯಿಂದ ಕೇಳಿದರೆ, "ಒಬ್ಬನ ಕುತ್ತಿಗೆ ಹಿಚುಕೋದಿದೆ, ಅಭ್ಯಾಸ ಮಾಡ್ಕೋತಿದ್ದೀನಿ" ಎಂದು ಹೇಳಿ ಕಳಿಸಿದಳು.

ಸರ್ಜನ್ ಒಂದು ದಿನ ತಾನಾಗೇ ನೆಲಮಾಳಿಗೆಗೆ ಬಂದ. ಬಾಗಿಲಲ್ಲಿ ಅತ್ತೆ ಅವನನ್ನು ನಿಲ್ಲಿಸಿಕೊಂಡು ಮೇಲಿಂದ ಕೆಳಗೆ ನೋಡಿ, "ಬಾಯಿ ಇದೆಯಾ ಈಗ?" ಎಂದು ಕೇಳಿದಳು. ಅವನು ಆ ಏಟು ತಿಂದುಕೊಂಡೇ ಒಳಗೆ ಬಂದ. ಕುರಿಗಳಿಗೆ ಹೊಲಿದು ನೋಡುವ ಕೆಲಸ ತಾನು ಮಾಡಿಕೊಡುವುದಾಗಿ ಹೇಳಿದ. ಪಟ್ಟಿಯನ್ನು ಬೆಳಕಿಗೆ ಹಿಡಿದು, "ಇದೇನ್ರೀ, ಹೃದಯಕ್ಕೆ ಶಾಯಿ ಚೆಲ್ಲಿದ ಹಾಗಿರುತ್ತಲ್ಲ" ಅಂದ.

"ಮುಚ್ಚಿದ ಎದೆಯೊಳಗೆ ಬಣ್ಣ ನೋಡೋರು ಯಾರು ಡಾಕ್ಟ್ರೇ?" ಎಂದಳು ಅವಳು.

ಸುದ್ದಿ ಪಿತಾಮಹನನ್ನು ತಲುಪದೇ ಇರಲಿಲ್ಲ. ಒಂದು ದೊಡ್ಡ ಸಮ್ಮೇಳನದಲ್ಲಿ ಅವಳು ತನ್ನ ಕೆಲಸದ ಬಗ್ಗೆ ಮಾತಾಡಿ ಇಳಿದ ಮೇಲೆ ಅವನು ಮೈಕು ತೆಗೆದುಕೊಂಡು, "ನಮ್ಮ ಅಜ್ಜಿಯರು ಬಿಳಿ ಬಟ್ಟೆಗೆ ನೀಲಿ ಹಾಕ್ತಿದ್ದರು. ಈ ನೀಲಿ ಮೇಡಂ ಹೃದಯಕ್ಕೇ ಹಾಕೋಕೆ ಹೊರಟಿದ್ದಾರೆ. ಇಸ್ತ್ರಿ ಮಾತ್ರ ಮಾಡಬೇಡಿ ತಾಯಿ!" ಅಂದ. ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಅಂದಿನಿಂದ ಅವಳಿಗೆ ನೀಲಿ ಮೇಡಂ ಎಂಬ ಹೆಸರೇ ನಿಂತಿತು. ಅವಳು ಹಲ್ಲು ಕಚ್ಚಿಕೊಂಡು ಕೂತಿದ್ದಳು. ನಗುತ್ತಿದ್ದ ಅವನ ಬಾಯಿಯನ್ನು, ಆ ಬಾಯಿಯೊಳಗಿನ ಒಂದೊಂದು ಹಲ್ಲನ್ನು ನೋಡುತ್ತಿದ್ದಳು. ನಗು, ಚೆನ್ನಾಗಿ ನಗು ಎಂದು ಒಳಗೊಳಗೇ ಹೇಳಿಕೊಂಡಳು.

ಕೊನೆಗೂ ಅವಳು ಕಾದಿದ್ದ ದಿನ ಹತ್ತಿರ ಬಂತು. ಸರ್ಕಾರಿ ಆಸ್ಪತ್ರೆಗಳಿಗೆಲ್ಲ ಇನ್ನು ಮುಂದೆ ಯಾವ ಪಟ್ಟಿ ಎಂಬುದನ್ನು ತೀರ್ಮಾನಿಸಲು ಒಂದು ಸಮಿತಿ ಕೂತಿತು. ನೀಲಿ ಪಟ್ಟಿಯನ್ನೂ ಪಿತಾಮಹನ ಪಟ್ಟಿಯನ್ನೂ ಕುರಿಗಳಿಗೆ ಹೊಲಿದು, ಹೋಲಿಸಿ ನೋಡಿ ಎಂದು ಸರ್ಜನ್‌ಗೆ ಹೇಳಿತು. ಎರಡೂ ಕಡೆಯ ಪಟ್ಟಿಗಳನ್ನು ಹೊಲಿಯುವ ತನಕ ಇಡಬೇಕಾದದ್ದು ಅವಳ ನೆಲಮಾಳಿಗೆಯ ಫ್ರಿಜ್ಜಿನಲ್ಲೇ, ಅಲ್ಲಿ ಬಿಟ್ಟರೆ ಬೇರೆ ಜಾಗ ಇರಲಿಲ್ಲ.

ಅವನ ಪಟ್ಟಿಗಳು ಬಂದ ಸಂಜೆ ಅವಳು ಒಬ್ಬಳೇ ಇದ್ದಳು. ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಪರೀಕ್ಷಿಸಿಯೂ ನೋಡಿದಳು. ಈಗಿನವು ಚೊಕ್ಕವಾಗಿದ್ದವು; ಉಳಿಕೆ ಅನ್ನುವಂಥದ್ದೇ ಇಲ್ಲ. ಆ ವರ್ಷದ ಬೇಡಿಕೆ ತೀರಿದ ಮೇಲೆ ಅವನು ಸದ್ದಿಲ್ಲದೆ ಮತ್ತೆ ಪೂರ್ತಿ ತೊಳೆಯಲು ಶುರು ಮಾಡಿದ್ದ. ಅದನ್ನು ಕಂಡು ಅವಳಿಗೆ ಸಮಾಧಾನ ಆಗಲಿಲ್ಲ, ಮೈಯೆಲ್ಲ ಉರಿಯಿತು. ಗೊತ್ತಿತ್ತಲ್ಲ ಇವನಿಗೆ! ಮಾಡಲು ಬರುತ್ತಿತ್ತಲ್ಲ!

ಮೇಲಿನ ಕಪಾಟಿನಲ್ಲಿ ಆಲ್ಡಿಹೈಡಿನ ಬಾಟಲಿ ಇತ್ತು. ಒಂದು ಹನಿ, ಎರಡು ಹನಿ. ಅವನು ಮಾಡಿದ್ದನ್ನೇ ಅವನಿಗೆ ಮಾಡುವುದು. ಕುರಿಗಳ ಎದೆಯಲ್ಲಿ ಅವನ ಪಟ್ಟಿಗಳು ಕಲ್ಲಾಗುತ್ತವೆ. ಯಾರಿಗೂ ತಿಳಿಯುವುದಿಲ್ಲ. ಅವಳು ಬಾಟಲಿ ಕೆಳಗಿಳಿಸಿದಳು, ಬಿರಡೆ ತೆಗೆದಳು. ಆ ಘಾಟು ಮೂಗಿಗೆ ಬಡಿದಾಗ ಕಣ್ಣು ಮುಚ್ಚಿ ಪಿತಾಮಹನ ಮುಖವನ್ನು ನೆನೆದಳು. ಹಾಗೆ ನೆನೆದಾಗಲೇ ಅವಳಿಗೆ ತಿಳಿದದ್ದು: ಹೀಗೆ ಮಾಡಿದರೆ ಅವನಿಗೆ ಇದು ಮೋಸ ಎಂದು ಗೊತ್ತಾಗಿಬಿಡುತ್ತದೆ. ಗೊತ್ತಾಗಿ, ಸಾಯುವ ತನಕ 'ನನಗೆ ಅನ್ಯಾಯವಾಯಿತು' ಎಂದು ಊರ ತುಂಬ ಹೇಳಿಕೊಂಡು ತಿರುಗುತ್ತಾನೆ. ಅನ್ಯಾಯಕ್ಕೊಳಗಾದವನು ಎಂಬ ಸುಖವನ್ನು ಅವನಿಗೆ ಕೊಡಬೇಕೇ? ಅದು ತನ್ನದು, ತನ್ನ ಅತ್ತೆಯದು. ಅದರಲ್ಲಿ ಅವನಿಗೆ ಚೂರೂ ಪಾಲಿಲ್ಲ. ಅವಳು ಬಿರಡೆ ಹಾಕಿ ಬಾಟಲಿಯನ್ನು ಮೇಲಿಟ್ಟಳು.

ಹೋಲಿಕೆ ಮುಗಿಯಿತು. ಫಲಿತಾಂಶ ಅವಳು ಬಯಸಿದಂತೆ ಬರಲಿಲ್ಲ. ನೀಲಿ ಪಟ್ಟಿಯಲ್ಲಿ ಸುಣ್ಣ ಕಟ್ಟಿದ್ದು ಕಡಿಮೆ, ಅದರ ಸುತ್ತ ಊತವೂ ಕಡಿಮೆ. ಆದರೆ ಕೆಲವು ಕುರಿಗಳಲ್ಲಿ ಅದು ಹೊಲಿಗೆಯ ಹತ್ತಿರ ಹರಿದಿತ್ತು. ಪಿತಾಮಹನದು ಎಲ್ಲೂ ಹರಿದಿರಲಿಲ್ಲ. ಸರ್ಜನ್ ಅದನ್ನು ಹೇಳುವಾಗ ಅವಳ ಮುಖ ನೋಡಲಾರದೆ ತನ್ನ ಬೂಟಿನ ಕಡೆ ನೋಡುತ್ತಿದ್ದ.

ಸಮಿತಿಯ ಮುಂದೆ ಹೋಗುವ ಹಿಂದಿನ ಸಂಜೆ ಅವಳು ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಳು.

"ಸೋತ್ವಿ ಅತ್ತೆ. ಅವನ ಪಟ್ಟಿ ಈಗ ಚೆನ್ನಾಗಿದೆ."

"ಆಗ ಇರಲಿಲ್ಲವಲ್ಲ?"

"ಆಗಿನದ್ದು ಸಾಬೀತು ಮಾಡೋದು ಹೇಗೆ? ಕಳ್ಳ ಅಂದರೆ ನಗ್ತಾನೆ. ವಕೀಲರನ್ನ ಕರೆದುಕೊಂಡು ಬರ್ತಾನೆ."

ಅತ್ತೆ ನೀಲಿ ಬೆರಳುಗಳಿಂದ ತಟ್ಟೆಯಲ್ಲಿ ಅನ್ನ ಕಲಸುತ್ತ ಹೇಳಿದಳು: "ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಶ್ರೀಮಂತರ ಮನೆಯವಳು, ಮೂಗಿನ ತುದಿಯಲ್ಲೇ ಜಂಬ. ಕ್ರೀಡಾ ದಿನ ಯಾರದೋ ಓಟದ ಬೂಟನ್ನ ಬಾವಿಗೆ ಹಾಕಿದ್ದಳು. ಹೆಡ್ ಮೇಡಂ ಬೈದರು, ಹೊಡೆದರು, ಒಪ್ಪಲಿಲ್ಲ. ನಾನು ಹೋಗಿ, 'ಬಿಡಿ ಮೇಡಂ, ಇವಳಿಗೆಲ್ಲಿ ಅಷ್ಟು ದೂರ ಎಸೆಯೋಕೆ ಬರುತ್ತೆ, ಕೈಯಲ್ಲಿ ಶಕ್ತಿನೇ ಇಲ್ಲ' ಅಂದೆ. ಎಲ್ಲಿ ನಿಂತು ಹೇಗೆ ಎಸೆದೆ ಅಂತ ಅವಳೇ ಎದ್ದು ತೋರಿಸಿದಳು."

ಸೊಸೆ ತಲೆ ಎತ್ತಿದಳು.

"ಅವನನ್ನ ಕಳ್ಳ ಅನ್ನಬೇಡ ಕಣೇ" ಎಂದಳು ಅತ್ತೆ. "ದಡ್ಡ ಅನ್ನು."

ಸಮಿತಿ ಕೂತದ್ದು ಉದ್ದನೆಯ ಮೇಜಿನ ಒಂದು ಕೋಣೆಯಲ್ಲಿ. ಅಧ್ಯಕ್ಷೆ ನಿವೃತ್ತ ಹೃದಯತಜ್ಞೆ, ಮಾತು ಕಡಿಮೆ. ಅಲ್ಲಿ ಆಡಿದ ಮಾತೆಲ್ಲ ಧ್ವನಿಮುದ್ರಣವಾಗುತ್ತದೆ ಎಂದು ಮೊದಲೇ ತಿಳಿಸಿದರು. ಸಾರ್ವಜನಿಕರಿಗೆ ಹಾಕಿದ್ದ ಕುರ್ಚಿಗಳ ಮೊದಲ ಸಾಲಲ್ಲಿ ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಸರ್ಜನ್ ಫಲಿತಾಂಶ ಓದಿದ. ಪಿತಾಮಹ ಕಾಲ ಮೇಲೆ ಕಾಲು ಹಾಕಿಕೊಂಡು, "ನೀಲಿ ಮೇಡಂ ಬೇಜಾರು ಮಾಡ್ಕೋಬಾರದು. ಲಾಂಡ್ರಿ ಪಕ್ಕದಲ್ಲೇ ಇದೆಯಂತೆ, ಆ ಕಡೆ ಒಳ್ಳೇ ಭವಿಷ್ಯ ಇದೆ" ಎಂದ. ಒಂದಿಬ್ಬರು ನಕ್ಕರು.

ಅವಳು ಎದ್ದು ನಿಂತಳು.

"ನನ್ನ ಪಟ್ಟಿ ಹೊಲಿಗೆಯ ಹತ್ತಿರ ಹರಿಯುತ್ತೆ. ಅದು ನಿಜ, ನಾನು ಸರಿಪಡಿಸಬೇಕು. ಸಾರ್ ಅವರ ಈಗಿನ ಪಟ್ಟಿ ಚೆನ್ನಾಗಿದೆ, ಅದೂ ನಿಜ. ಹಿಂದಿನವು ಕೆಲವು ಬೇಗ ಪೆಡಸಾದವು. ಅದಕ್ಕೆ ಸಾರ್ ಅವರನ್ನ ದೂರೋದು ತಪ್ಪು. ಉಳಿಕೆ ತೊಳೆಯೋದು ಎಷ್ಟು ಮುಖ್ಯ ಅಂತ ಆಗ ಅವರಿಗೆ ತಿಳಿದಿರಲಿಲ್ಲ, ಅಷ್ಟೇ."

ಪಿತಾಮಹ ಕಾಲು ಕೆಳಗಿಳಿಸಿದ. "ಏನಂದೆ?"

"ಅದು ಅವಮಾನ ಅಲ್ಲ ಸಾರ್. ನೀವು ಆಡಳಿತ ನೋಡ್ಕೋತಿದ್ರಿ. ತೊಳೆಯೋ ವಿಷಯ ನಮ್ಮಂಥ ಪ್ರಯೋಗಾಲಯದವರಿಗೆ ಬಿಟ್ಟಿದ್ರಿ."

"ಪ್ರಯೋಗಾಲಯದವರಿಗೆ!" ಅವನು ಎದ್ದೇ ನಿಂತ. ಕುರ್ಚಿ ಹಿಂದಕ್ಕೆ ಸರಿದು ಕಿರ್ರೆಂದಿತು. "ಆ ತೊಳೆಯೋ ಕ್ರಮ ರೂಪಿಸಿದವನೇ ನಾನು. ಉಳಿಕೆ ಉಳಿದರೆ ಸುಣ್ಣ ಕಟ್ಟುತ್ತೆ ಅಂತ ನೀನು ಲಂಗ ಹಾಕ್ಕೊಂಡು ಕುಂಟೆಬಿಲ್ಲೆ ಆಡೋ ಕಾಲದಲ್ಲೇ ನನಗೆ ಗೊತ್ತಿತ್ತು!"

"ಹಾಗಾದರೆ ಆ ವರ್ಷ ಕೆಳಗಿನವರೇ ನಿಮ್ಮ ಕಣ್ಣು ತಪ್ಪಿಸಿ ಅರ್ಧಕ್ಕೆ ನಿಲ್ಲಿಸಿರಬೇಕು ಸಾರ್" ಎಂದಳು ಅವಳು, ಕನಿಕರ ತೋರಿಸುವವಳ ಹಾಗೆ. "ಪಾಪ, ನಿಮಗೆ ಹೇಗೆ ತಿಳಿಯಬೇಕು? ಅಷ್ಟು ದೊಡ್ಡ ಕಾರ್ಖಾನೆ. ನಿಮ್ಮ ಮಾತು ಕೇಳೋರು ಯಾರು?"

"ನನ್ನ ಕಣ್ಣು ತಪ್ಪಿಸಿ?" ಅವನ ಕುತ್ತಿಗೆಯ ನರ ಉಬ್ಬಿತು. "ನನ್ನ ಕಾರ್ಖಾನೆಯಲ್ಲಿ ನನ್ನ ಅಪ್ಪಣೆ ಇಲ್ಲದೆ ಒಂದು ನಲ್ಲಿ ತಿರುಗೋದಿಲ್ಲ. ನಿಲ್ಲಿಸಿ ಅಂದವನು ನಾನು! ಎಷ್ಟಕ್ಕೆ ನಿಲ್ಲಿಸಬಹುದು ಅಂತ ಲೆಕ್ಕ ಹಾಕಿಯೇ ನಿಲ್ಲಿಸಿದ್ದೆ!"

ಬರೆದುಕೊಳ್ಳುತ್ತಿದ್ದ ಸದಸ್ಯರೆಲ್ಲ ಅವನ ಕಡೆ ತಿರುಗಿದರು.

ಅಧ್ಯಕ್ಷೆ ಪೆನ್ನು ಕೆಳಗಿಟ್ಟಳು. "ಏನನ್ನ ನಿಲ್ಲಿಸಿ ಅಂದಿರಿ?"

ಪಕ್ಕದಲ್ಲಿದ್ದ ವಕೀಲ ಪಿತಾಮಹನ ತೋಳು ಹಿಡಿದು ಎಳೆದ. ತಡವಾಗಿತ್ತು. ಅವನು ಸಮಿತಿಯ ಒಬ್ಬೊಬ್ಬರ ಮುಖವನ್ನೂ ನೋಡಿದ, ಕೊನೆಗೆ ಅವಳನ್ನು ನೋಡಿದ. ಆಗ ಅವನಿಗೆ ಪೂರ್ತಿ ಅರ್ಥವಾಯಿತು. ಅರ್ಥವಾಗುವುದು ಅವಳಿಗೆ ಕಾಣಿಸಿತು, ನೀರಿಗೆ ಬಣ್ಣ ಇಳಿಯುವ ಹಾಗೆ. ಇಷ್ಟು ವರ್ಷ ಅವಳು ಬಯಸಿದ್ದು ಆ ಒಂದು ನೋಟ. ಅವಳು ರೆಪ್ಪೆ ಬಡಿಯದೆ ಅದನ್ನು ಪೂರ್ತಿ ಕುಡಿದಳು. ಅದು ಸಿಹಿಯಾಗಿತ್ತು. ಸುಳ್ಳು ಯಾಕೆ ಹೇಳಬೇಕು, ಗಂಡ ಸತ್ತ ಮೇಲೆ ಅಷ್ಟು ಸಿಹಿಯಾದದ್ದು ಅವಳ ಬಾಳಿನಲ್ಲಿ ಬೇರೇನೂ ಬಂದಿರಲಿಲ್ಲ.

ಸರ್ಜನ್ ಎದ್ದು ನಿಂತ. "ಅಂಥದೊಂದು ಪಟ್ಟಿಯನ್ನ ನಾನು ಎದೆಯಿಂದ ತೆಗೆದಿದ್ದೇನೆ" ಎಂದ. "ಯಾರದು ಅಂತಲೂ ಹೇಳ್ತೀನಿ. ಆಗಲೇ ಹೇಳಬೇಕಿತ್ತು." ಮೊದಲ ಸಾಲಿನಿಂದ ಅತ್ತೆ, "ಈಗ ಬಂತು ಬಾಯಿ" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

ಆಮೇಲಿನದು ವೇಗವಾಗಿ ನಡೆಯಿತು. ತನಿಖೆ, ಬಂಧನ, ಜಾಮೀನು. ಚೌಕಟ್ಟು ಹಾಕಿದ್ದ ಪತ್ರಿಕೆಯ ತುಣುಕನ್ನು ಗೋಡೆಯಿಂದ ಇಳಿಸಿದರೆಂದು ಗೇಟಿನವನು ಫೋನು ಮಾಡಿ ಹೇಳಿದ. ಪೇಪರುಗಳಲ್ಲಿ ಪಿತಾಮಹ ಎಂಬ ಹೆಸರನ್ನು ಅಣಕಿಸುವ ಹಾಗೆ ಉದ್ಧರಣ ಚಿಹ್ನೆಗಳ ನಡುವೆ ಹಾಕಿ ಬರೆದರು. ಅವನು ಬೀದಿಗೆ ಬಂದರೆ ಮಕ್ಕಳೂ ಬೆರಳು ಮಾಡುತ್ತಾರೆ ಎಂದು ಕೇಳಿದ ದಿನ ಅತ್ತೆ ಎರಡು ಸಲ ಚಹಾ ಮಾಡಿದಳು. ಆ ವರ್ಷದ ಪಟ್ಟಿ ಹಾಕಿಸಿಕೊಂಡವರೆಲ್ಲ ಆಸ್ಪತ್ರೆಗೆ ಬಂದು ತೋರಿಸಿಕೊಳ್ಳಬೇಕು ಎಂದು ಸರ್ಕಾರ ಸಾರಿತು.

ಅವರು ಬಂದರು. ಆಸ್ಪತ್ರೆಯ ಅಂಗಳದಿಂದ ನೆಲಮಾಳಿಗೆಯ ಮೆಟ್ಟಿಲಿನವರೆಗೆ ಸಾಲು. ಮಕ್ಕಳನ್ನು ಎತ್ತಿಕೊಂಡವರು, ಗೋಡೆಗೆ ಒರಗಿ ಉಸಿರು ತೆಗೆದುಕೊಳ್ಳುವವರು. ಅವಳು ಕೆಲಸಕ್ಕೆ ಹೋಗಬೇಕೆಂದರೆ ಅವರ ನಡುವೆಯೇ ದಾರಿ ಬಿಡಿಸಿಕೊಂಡು ಹೋಗಬೇಕಿತ್ತು. ಕೆಲವರು ಅವಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಒಬ್ಬಳು ಹಾಗೆ ಮಾಡಲಿಲ್ಲ. ಅವಳ ಗಂಡ ಪಕ್ಕದ ಬೆಂಚಿನಲ್ಲಿ ತುಟಿ ಕಪ್ಪಾಗಿಸಿಕೊಂಡು ಕೂತಿದ್ದ, ಎದೆ ಮತ್ತೆ ತೆರೆಯಲೇಬೇಕು ಎಂದಿದ್ದರು.

"ನೀಲಿ ಮೇಡಂ ನೀವೇ ಅಲ್ವಾ?" ಎಂದು ಕೇಳಿದಳು.

"ಹೌದಮ್ಮ."

"ನಿಮ್ಮ ಯಜಮಾನರು ಹೋದಾಗಲೇ ನಿಮಗೆ ಎಲ್ಲ ಗೊತ್ತಿತ್ತಂತೆ. ಪೇಪರಲ್ಲಿ ಓದಿದೆ."

"ಹೌದು."

"ಮತ್ತೆ ಇಷ್ಟು ವರ್ಷ ಏನ್ ಮಾಡ್ತಿದ್ರಿ?"

ಇಲಾಖೆಗೆ ಹೋಗಿದ್ದೆ, ಪುರಾವೆ ಕೇಳಿದರು ಎಂದು ಹೇಳಬಹುದಿತ್ತು. ಎಷ್ಟು ಸಲ ಹೋಗಿದ್ರಿ ಎಂದು ಆ ಹೆಂಗಸು ಕೇಳಿದರೆ? ಬೀದಿಯಲ್ಲಿ ನಿಂತು ಕೂಗಬಹುದಿತ್ತು, ಸಾಲಿನಲ್ಲಿರುವ ಇವರ ಮನೆಗಳನ್ನು ಹುಡುಕಿಕೊಂಡು ಹೋಗಬಹುದಿತ್ತು. ಅವಳು ಮಾಡಿದ್ದು ನೆಲಮಾಳಿಗೆಯಲ್ಲಿ ಕೂತು ಒಬ್ಬ ಮನುಷ್ಯನ ಮುಖ ಬಾಡುವ ದಿನಕ್ಕೆ ಕಾದದ್ದು. ಆ ಕಾಯುವಿಕೆಯಲ್ಲಿ ಇವರು ಯಾರೂ ಅವಳಿಗೆ ನೆನಪಾಗಿರಲೇ ಇಲ್ಲ.

"ಅವನ ಬೆನ್ನು ಬಿದ್ದಿದ್ದೆ" ಎಂದಳು.

ಆ ಹೆಂಗಸು ಬೈಯಲಿಲ್ಲ. ಗಂಡನ ತೋಳು ಹಿಡಿದು ಎಬ್ಬಿಸಿಕೊಂಡು ಹೋಗಿ ದೂರದ ಬೆಂಚಿನಲ್ಲಿ ಕೂತಳು.

ಆ ಹೆಂಗಸಿನ ಗಂಡನ ಶಸ್ತ್ರಚಿಕಿತ್ಸೆಯ ದಿನ ನೀಲಿ ಮೇಡಂ ಹೊರಗಿನ ಕುರ್ಚಿಯಲ್ಲೇ ಇದ್ದಳು. ಯಾರೂ ಕರೆದಿರಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹೊಲಿದದ್ದು ಬೇರೆ ಯಾವುದೋ ಕಾರ್ಖಾನೆಯ ಪಟ್ಟಿ. ನೀಲಿ ಪಟ್ಟಿ ಮನುಷ್ಯರ ಎದೆಗೆ ಹೋಗುವುದಕ್ಕೆ ಇನ್ನೂ ಬಹಳ ಕೆಲಸ ಬಾಕಿಯಿತ್ತು. ಸರ್ಜನ್ ಹೊರಬಂದು ಆ ಹೆಂಗಸಿಗೆ, ಬದುಕ್ತಾರೆ ಅಂದ. ಹೆಂಗಸು ಅತ್ತಳು. ನೀಲಿ ಮೇಡಂ ಕಡೆ ತಿರುಗಿ ನೋಡಲಿಲ್ಲ.

ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಪಿತಾಮಹನಿಗೆ ಶಿಕ್ಷೆಯಾಯಿತೆಂಬ ಸುದ್ದಿ ಆ ಮಧ್ಯಾಹ್ನ ಬಂದಿತ್ತು. ಇಬ್ಬರೂ ಒಳಗೆ ಹೋದರು. ಸೊಸೆ ಚಪ್ಪಲಿ ಕೂಡ ಬಿಚ್ಚದೆ ನೆಲದ ಮೇಲೆ ಕೂತಳು.

"ಸಾಕಾಯ್ತೇನೇ?" ಎಂದು ಕೇಳಿದಳು ಅತ್ತೆ.

"ಇಲ್ಲ ಅತ್ತೆ. ಇನ್ನೂ ಉರೀತಿದೆ. ಆದರೆ ಈಗ ಯಾರ ಮೇಲೆ ಅಂತ ಗೊತ್ತಾಗ್ತಿಲ್ಲ."

"ನನಗೂ ಅಷ್ಟೇ" ಎಂದು ಅತ್ತೆ ಮೆಲ್ಲಗೆ ಪಕ್ಕದಲ್ಲಿ ಕೂತಳು. ಆಮೇಲೆ, "ಆ ಹೊಲಿಗೆ ಹತ್ತಿರ ಹರಿಯೋದಿದೆಯಲ್ಲ, ಅದಕ್ಕೇನು ಮಾಡ್ತೀಯ?" ಎಂದು ಕೇಳಿದಳು.

"ಇನ್ನೂ ಗೊತ್ತಿಲ್ಲ."

"ಬೆಳಿಗ್ಗೆ ಬೇಗ ಹೋಗೋಣ" ಎಂದಳು ಅತ್ತೆ. "ಈಗ ಎದ್ದು ಕೈಕಾಲು ತೊಳ್ಕೋ. ಅನ್ನ ಆರಿ ತಣ್ಣಗಾಗಿದೆ."